ಒಂದು ಬಳ್ಳಿಗೆ ಒಂದೇ ಚೀನಿಕಾಯಿ: ಭಾರೀ ಗಾತ್ರದ ಕಾಯಿಗಾಗಿ ಕುಡಿ ಚಿವುಟುವ ಕ್ರಮ

ಕರಾವಳಿಯಲ್ಲಿ ಚೀನಿಕಾಯಿಯ ಬಳ್ಳಿಗೆ ಯಾರೂ ಕತ್ತಿ ತಾಗಿಸುವುದಿಲ್ಲ. ಹಟ್ಟಿಯ ಹಿಂದಿನ ಗೊಬ್ಬರದ ಗುಂಡಿಯ ಅಂಚಿನಲ್ಲಿ ತಾನಾಗಿ ಹುಟ್ಟಿದ ಬಳ್ಳಿಯು ಬೇಲಿಗೆ ಏರಿ, ಬಚ್ಚಲುಕೊಟ್ಟಿಗೆಯ ಮಾಡಿಗೆ ಹಬ್ಬಿ, ಯಾರೂ ಲೆಕ್ಕವಿಡದ ನಾಲ್ಕೈದು ಕಾಯಿಗಳನ್ನು ಕೊಟ್ಟರೆ ಮನೆಯವರಿಗೆ ಅಷ್ಟೇ ಸಾಕು. ಘಟ್ಟದ ಮೇಲಿನವರು ಸಿಹಿಗುಂಬಳ ಎನ್ನುವ, ತುಳುವಿನಲ್ಲಿ ಕೆಂಬುಡೆ ಎನಿಸಿಕೊಳ್ಳುವ ಈ ತರಕಾರಿಯನ್ನು ಅಡುಗೆಮನೆಗಾಗಿ ಬೆಳೆಯುವವರಿಗೆ ಇದಕ್ಕಿಂತ ಒಳ್ಳೆಯ ವಿಧಾನ ಬೇರೆ ಇಲ್ಲ. ಆದರೆ ಉಡುಪಿ ಶ್ರೀಕೃಷ್ಣಮಠದ ಪರ್ಯಾಯಕ್ಕೆ ಭಕ್ತರು ಸಲ್ಲಿಸುವ ಹೊರೆಕಾಣಿಕೆಗೆ ಹೊರುವಾಗ ಇಬ್ಬರು ಕೈಹಾಕಬೇಕಾದಂತಹ, ಇಲ್ಲವೇ ಊರಿನ ಕೃಷಿಮೇಳದಲ್ಲಿ ಜನ ನಿಂತು ನೋಡುವಂತಹ ಒಂದೇ ಒಂದು ಕಾಯಿಯನ್ನು ಬೆಳೆಯಬೇಕೆಂಬ ಹಟ ಹಿಡಿದವರು ಬಳ್ಳಿಯನ್ನು ಅದರ ಪಾಡಿಗೆ ಬಿಡುವಂತಿಲ್ಲ. ಈ ಲೇಖನವು ಅಂತಹವರಿಗಾಗಿ.

ಆರಂಭದಲ್ಲಿಯೇ ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಬೇಕು. ಬಳ್ಳಿಯನ್ನು ಸವರುವುದೆಂದರೆ ಎಲೆಗಳನ್ನು ಕಡಿಮೆ ಮಾಡುವುದೆಂದು ಹಲವರು ಭಾವಿಸುತ್ತಾರೆ. ಕಾಯಿಯನ್ನು ದೊಡ್ಡದು ಮಾಡುವುದು ಎಲೆಯೇ ಹೊರತು ಕತ್ತರಿಯಲ್ಲ. ಬಿಸಿಲಿನಲ್ಲಿ ಎಲೆ ತಯಾರಿಸಿದ ಸಕ್ಕರೆಯು ಬೆಳೆಯುತ್ತಿರುವ ಯಾವುದಾದರೂ ಒಂದು ಕಡೆಗೆ ಹರಿಯಲೇಬೇಕು, ಅದು ಹೊಸ ಕುಡಿಗಳಿಗೆ ಹೋಗುತ್ತದೆಯೋ, ನಾಲ್ಕಾರು ಮಿಡಿಗಳಿಗೆ ಹಂಚಿಹೋಗುತ್ತದೆಯೋ, ಅಥವಾ ನಾವು ಆರಿಸಿಕೊಂಡ ಒಂದೇ ಕಾಯಿಗೆ ಸೇರುತ್ತದೆಯೋ ಎಂಬುದಷ್ಟೇ ನಮ್ಮ ಕೈಯಲ್ಲಿರುವ ವಿಷಯ. ಆದುದರಿಂದ ಚಿವುಟಬೇಕಾದದ್ದು ಕುಡಿಯನ್ನು, ಅದೂ ಬೆರಳುದ್ದಕ್ಕಿಂತ ಸಣ್ಣದಾಗಿರುವಾಗ. ಆರು ಅಡಿ ಬೆಳೆದ ಕವಲನ್ನು ಕಡಿದು ಎಸೆಯುವವನು ಬಳ್ಳಿಯ ಎರಡು ವಾರದ ಸಂಪಾದನೆಯನ್ನು ಕಡಿದು ಎಸೆದಂತಾಗುತ್ತದೆ.

ತಳಿಯ ವಿಷಯವಾಗಿಯೂ ವಾಸ್ತವವನ್ನು ಅರಿತಿರಬೇಕು. ವಿದೇಶದ ಸ್ಪರ್ಧೆಗಳಲ್ಲಿ ತೂಗುವ ದೈತ್ಯ ಕುಂಬಳಗಳೆಲ್ಲ ಕುಕುರ್ಬಿಟಾ ಮ್ಯಾಕ್ಸಿಮಾ ಜಾತಿಯವು, ಅವುಗಳ ಮೂಲ ಕೆನಡಾದ ನೋವಾ ಸ್ಕೋಶಿಯಾ ಪ್ರಾಂತ್ಯದ ವಿಂಡ್ಸರ್‌ನ ರೈತ ಹೋವರ್ಡ್ ಡಿಲ್ ರೂಪಿಸಿದ ‘ಅಟ್ಲಾಂಟಿಕ್ ಜೈಂಟ್’ ತಳಿ. 1979ರಿಂದ 1982ರವರೆಗೆ ಸತತ ನಾಲ್ಕು ವರ್ಷ ಜಾಗತಿಕ ಸ್ಪರ್ಧೆ ಗೆದ್ದ ಡಿಲ್ 1980ರಲ್ಲಿ ತೂಗಿದ್ದು 459 ಪೌಂಡ್, ಅಂದರೆ ಸುಮಾರು 208 ಕಿಲೋ. 2023ರಲ್ಲಿ ಅಮೆರಿಕದ ಮಿನ್ನೆಸೋಟದ ಟ್ರಾವಿಸ್ ಗೀಂಗರ್ 1,247 ಕಿಲೋ ತೂಗಿದರು, 2025ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಅವಳಿ ಸಹೋದರರಾದ ಸ್ಟುವರ್ಟ್ ಮತ್ತು ಇಯಾನ್ ಪೇಟನ್ 1,278 ಕಿಲೋ ದಾಟಿಸಿದರು. ತಂಪು ರಾತ್ರಿ ಮತ್ತು ದೀರ್ಘ ಹಗಲನ್ನು ಬಯಸುವ ಆ ಜಾತಿ ನಮ್ಮ ಸೆಕೆಯಲ್ಲಿ ಅಂತಹ ಗಾತ್ರ ತೋರಿಸುವುದಿಲ್ಲ. ಊರಿನ ಚೀನಿಕಾಯಿ ಕುಕುರ್ಬಿಟಾ ಮೊಸ್ಕಾಟಾ ಎಂಬ ಬೇರೆ ಜಾತಿಯದು, ಸೆಕೆಯನ್ನು ಚೆನ್ನಾಗಿ ತಾಳುತ್ತದೆ. ನನ್ನ ಗದ್ದೆಯಲ್ಲಿ ಇದುವರೆಗೆ ಸಿಕ್ಕ ದೊಡ್ಡ ಕಾಯಿ 27 ಕಿಲೋ, ಅದೇ ಬೀಜದ ಬಳ್ಳಿ ಬೇಲಿಯ ಮೇಲೆ ಕೊಡುತ್ತಿದ್ದದ್ದು ಆರೇಳು ಕಿಲೋದ ಕಾಯಿಗಳನ್ನು. ಎರಡು ಜಾತಿಗಳಿಗೂ ಬಳ್ಳಿ ಕಟ್ಟುವ ಕ್ರಮ ಒಂದೇ ಆಗಿರುವುದರಿಂದ, ದೈತ್ಯ ಬೆಳೆಗಾರರು ಅನುಸರಿಸುವ ವಿಧಾನವನ್ನು ನಮ್ಮ ಹವೆಗೆ ಹೊಂದಿಸಿ ಇಲ್ಲಿ ವಿವರಿಸಿದ್ದೇನೆ.

ಜಾಗ ಮತ್ತು ಕಾಲ

ಒಂದು ಬಳ್ಳಿಗೆ ಒಂದು ಸೆಂಟ್ಸ್ ಜಾಗ ಮೀಸಲಿಡಬೇಕು. ಇದನ್ನು ಕೇಳಿದ ಕೂಡಲೇ ಹುಬ್ಬೇರಿಸುವವರಿದ್ದಾರೆ. ಆದರೆ ಒಂದು ಸೆಂಟ್ಸ್ ಎಂದರೆ 435 ಚದರ ಅಡಿ, ಅಂದರೆ 20 ಅಡಿ ಅಗಲ, 22 ಅಡಿ ಉದ್ದದ ಒಂದು ಸಣ್ಣ ಕಟ್ಟ (ಗದ್ದೆಯ ತುಂಡು) ಮಾತ್ರ, ಅದಕ್ಕಿಂತ ಇಕ್ಕಟ್ಟಿನಲ್ಲಿ ಎಲೆಗಳು ಒಂದರ ಮೇಲೊಂದು ಬಿದ್ದು, ಕೆಳಗಿನವು ಬಿಸಿಲು ಕಾಣದೆ ಹಳದಿಯಾಗುತ್ತವೆ. ತಗ್ಗಿನ ಬೈಲುಗದ್ದೆಯಲ್ಲಿ ಡಿಸೆಂಬರ್‌ವರೆಗೂ ಪಸೆ ಆರುವುದಿಲ್ಲವಾದುದರಿಂದ ಬುಡ ಕೊಳೆಯುವ ಭಯವಿದೆ, ಎತ್ತರದ ಬೆಟ್ಟುಗದ್ದೆಯಲ್ಲಿ ಜನವರಿ ಬರುವಾಗ ನೀರಿಗೆ ಪರದಾಡಬೇಕಾಗುತ್ತದೆ. ಏಣೆಲು, ಅಂದರೆ ಮಳೆಗಾಲದ ಭತ್ತ, ಕಟಾವಾದ ನಡುಮಟ್ಟದ ಮಜಲುಗದ್ದೆ ಈ ಕೆಲಸಕ್ಕೆ ಎಲ್ಲಕ್ಕಿಂತ ಉತ್ತಮ.

ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದೊಳಗೆ ಬೀಜ ಹಾಕಿದರೆ ಕಾಯಿ ಕಟ್ಟುವ ಹೊತ್ತಿಗೆ ಡಿಸೆಂಬರ್–ಜನವರಿಯ ತಂಪು ರಾತ್ರಿಗಳು ಸಿಗುತ್ತವೆ. ಪರ್ಯಾಯವೇ ಗುರಿಯಾಗಿದ್ದರೆ ಲೆಕ್ಕ ಬೇರೆ. ಸಮ ಸಂಖ್ಯೆಯ ವರ್ಷಗಳ ಜನವರಿ 18ಕ್ಕೆ ಪರ್ಯಾಯ ನಡೆಯುವುದರಿಂದ ಮತ್ತು ಹೊರೆಕಾಣಿಕೆ ಅದಕ್ಕೂ ಮುಂಚಿನ ದಿನಗಳಲ್ಲಿಯೇ ಸಲ್ಲುವುದರಿಂದ, ಹೂ ಬರಲು 50–60 ದಿನ ಹಾಗೂ ಕಾಯಿ ಬಲಿಯಲು 45 ದಿನ ಎಂದು ಹಿಂದಕ್ಕೆ ಎಣಿಸಿದರೆ ಸೆಪ್ಟೆಂಬರ್ ಕೊನೆಯ ವಾರದಲ್ಲಿಯೇ ಬೀಜ ಮೊಳೆತಿರಬೇಕು. ಆಗ ಮಳೆ ಪೂರ್ತಿ ಹೋಗಿರುವುದಿಲ್ಲ, ಸಸಿಯನ್ನು ಏರಿಸಿದ ದಿಬ್ಬದ ಮೇಲೆ, ಅಡಿಕೆ ಹಾಳೆಯ ಮರೆಯಲ್ಲಿ ಕಾಪಾಡಬೇಕಾಗುತ್ತದೆ.

ಗುಂಡಿಯ ವಿಷಯ ಚುಟುಕಾಗಿ ಹೇಳುತ್ತೇನೆ: ಎರಡು ಅಡಿ ಅಗಲ, ಒಂದೂವರೆ ಅಡಿ ಆಳ, ತುಂಬಲು ಹಳೆಯ ಹಟ್ಟಿಗೊಬ್ಬರ, ಸುಡುಮಣ್ಣು, ಒಂದೆರಡು ಹಿಡಿ ಬೇವಿನಹಿಂಡಿ. ನಮ್ಮ ಮಣ್ಣು ಹುಳಿಯಾದುದರಿಂದ ಸುಣ್ಣ ಬೇಕೇ ಬೇಕು, ಆದರೆ ಎಷ್ಟೆಂಬುದನ್ನು ಅಂದಾಜಿನಿಂದ ಸುರಿಯದೆ ಮಣ್ಣು ಪರೀಕ್ಷೆ ಮಾಡಿಸಿ ತೀರ್ಮಾನಿಸಬೇಕು. ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರದಲ್ಲಿ ಈ ಬಗ್ಗೆ ವಿಚಾರಿಸಬಹುದು. ಗುಂಡಿಯಲ್ಲಿ ಮಾತ್ರ ಗೊಬ್ಬರ ತುಂಬಿ ಉಳಿದ ಜಾಗವನ್ನು ಹಾಗೆಯೇ ಬಿಡುವುದು ತಪ್ಪು, ಏಕೆಂದರೆ ಮುಂದೆ ವಿವರಿಸುವಂತೆ ಬಳ್ಳಿಯು ಗಂಟುಗಂಟಿನಲ್ಲಿ ಬೇರು ಬಿಡಲಿದೆ ಮತ್ತು ಆ ಬೇರುಗಳಿಗೂ ಉಣ್ಣಲು ಏನಾದರೂ ಇರಬೇಕು.

ಬಳ್ಳಿಯನ್ನು ಮಲಗಿಸುವುದು

ಐದಾರು ಎಲೆ ಬರುವವರೆಗೆ ಸಸಿ ನೆಟ್ಟಗೆ ನಿಂತಿರುತ್ತದೆ, ಅನಂತರ ತಲೆ ಭಾರವಾಗಿ ಒಂದು ಕಡೆಗೆ ವಾಲುತ್ತದೆ. ಯಾವ ಕಡೆಗೆ ವಾಲಬೇಕೆಂಬುದನ್ನು ಅದರ ಇಷ್ಟಕ್ಕೆ ಬಿಡದೆ ನಾವೇ ತೀರ್ಮಾನಿಸಬೇಕು. ಕರಾವಳಿಯಲ್ಲಿ ಮಧ್ಯಾಹ್ನದ ಮೇಲೆ ಬೀಸುವ ಪಡುಗಾಳಿ ಬಲವಾದದ್ದು. ಗಾಳಿಗೆ ಎದುರಾಗಿ ಅಥವಾ ಅಡ್ಡವಾಗಿ ಹರಡಿದ ಬಳ್ಳಿಯ ಅಗಲವಾದ ಎಲೆಗಳು ಹಾಯಿಯಂತೆ ಉಬ್ಬಿ, ಎಳೆಯ ತುದಿಯನ್ನು ಮಗುಚಿಹಾಕುತ್ತವೆ. ಆದುದರಿಂದ ಬುಡವನ್ನು ಕಟ್ಟದ ಪಡುವಣ ಅಂಚಿನಿಂದ ನಾಲ್ಕು ಅಡಿ ಒಳಗೆ, ಅಗಲದ ಸರಿಮಧ್ಯದಲ್ಲಿ ಇಟ್ಟು, ಬಳ್ಳಿಯು ಮೂಡಣಕ್ಕೆ ಹರಿಯುವಂತೆ ಮಾಡಬೇಕು. ಸಸಿಯ ಮೊದಲ ನಿಜವಾದ ಎಲೆ ಯಾವ ದಿಕ್ಕಿಗಿದೆಯೋ ಅದರ ವಿರುದ್ಧ ದಿಕ್ಕಿಗೆ ಬಳ್ಳಿ ಒಲಿಯುವುದು ಸಾಮಾನ್ಯವಾದುದರಿಂದ, ನಾಟಿ ಮಾಡುವಾಗಲೇ ಆ ಎಲೆಯನ್ನು ಪಡುವಣಕ್ಕೆ ತಿರುಗಿಸಿ ನೆಟ್ಟರೆ ಮುಂದಿನ ಕೆಲಸ ಅರ್ಧ ಕಡಿಮೆಯಾಗುತ್ತದೆ.

ವಾಲಲು ತೊಡಗಿದ ಬಳ್ಳಿಯ ಎರಡೂ ಬದಿಗೆ ಬಿದಿರಿನ ಸಣ್ಣ ಕಡ್ಡಿಗಳನ್ನು ಕತ್ತರಿಯಾಕಾರದಲ್ಲಿ ಚುಚ್ಚಿ, ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ನೆಲಕ್ಕೆ ತರಬೇಕು. ಹಗ್ಗ ಬಿಗಿಯಬಾರದು. ತೀರಾ ಬೇಕೆನಿಸಿದರೆ ನೀರಿನಲ್ಲಿ ನೆನೆಸಿದ ಬಾಳೆನಾರನ್ನು ಸಡಿಲವಾಗಿ ಸುತ್ತಬಹುದು.

ಇನ್ನು ಒಂದು ಗಂಟಿನ ಬಳಿ ಕುಳಿತು ನಿಧಾನವಾಗಿ ನೋಡಬೇಕು, ಏಕೆಂದರೆ ಸವರುವ ಕೆಲಸವೆಲ್ಲ ನಡೆಯುವುದು ಅಲ್ಲಿಯೇ. ಪ್ರತಿ ಗಂಟಿನಿಂದಲೂ ಪೊಳ್ಳು ಕೊಳವೆಯಂತಹ ತೊಟ್ಟಿನ ಮೇಲೆ ಒಂದು ಎಲೆ ಎದ್ದಿರುತ್ತದೆ. ಆ ತೊಟ್ಟಿನ ಕಂಕುಳಲ್ಲಿ ಒಂದು ಹೂವಿನ ಮೊಗ್ಗು, ಅದರ ಪಕ್ಕದಲ್ಲಿ ಇಲಿಯ ಕಿವಿಯಷ್ಟು ಸಣ್ಣ, ಬೂದುಬಣ್ಣದ ರೋಮಗಳಿಂದ ಮುಚ್ಚಿದ ಕವಲಿನ ಕುಡಿ, ಬದಿಯಲ್ಲಿ ಸ್ಪ್ರಿಂಗಿನಂತೆ ಸುತ್ತಿಕೊಳ್ಳುವ ಹಿಡಿಬಳ್ಳಿ, ಮತ್ತು ಕೆಳಭಾಗದಲ್ಲಿ, ನೆಲ ತಾಗುವ ಕಡೆ, ಬಿಳಿಯ ಮೊಡವೆಯಂತೆ ಕಾಣುವ ಬೇರಿನ ಮೊಳಕೆ. ಇವುಗಳಲ್ಲಿ ಎಲೆಯನ್ನು ಎಂದಿಗೂ ಮುಟ್ಟಬಾರದು. ಬೇರಿನ ಮೊಳಕೆಗೆ ಒಂದು ಬೊಗಸೆ ಗೊಬ್ಬರದ ಮಣ್ಣು ಮುಚ್ಚಿ, ಬೈಹುಲ್ಲು ಹೊದೆಸಿ, ಪಸೆ ಆರದಂತೆ ನೋಡಿಕೊಂಡರೆ ಒಂದೆರಡು ವಾರದಲ್ಲಿ ಅಲ್ಲಿ ಬೇರಿಳಿಯುತ್ತದೆ. ಆ ಬಳಿಕ ಬಳ್ಳಿಯು ಬುಡವೊಂದನ್ನೇ ನಂಬಿರುವುದಿಲ್ಲ, ಗಾಳಿಗೂ ಅಲುಗುವುದಿಲ್ಲ. ಹಿಡಿಬಳ್ಳಿಯನ್ನು ಚಿವುಟಿ ತೆಗೆಯುವುದು ವಾಡಿಕೆ. ಅದು ಪಕ್ಕದ ಎಲೆಯ ತೊಟ್ಟಿಗೋ, ನಾಳೆ ಎಳೆಯ ಕಾಯಿಗೋ ಸುತ್ತಿಕೊಂಡು ಗಾಯ ಮಾಡುತ್ತದೆ. ಉಳಿದದ್ದು ಕವಲಿನ ಕುಡಿ ಮತ್ತು ಹೂವು, ಅವುಗಳ ಬಗ್ಗೆಯೇ ಮುಂದಿನ ಮಾತೆಲ್ಲ.

ತಾಯಿಬಳ್ಳಿ, ಕವಲು, ಮರಿಗವಲು

ಬುಡದಿಂದ ನೇರವಾಗಿ ಹೊರಟದ್ದನ್ನು ತಾಯಿಬಳ್ಳಿ, ಅದರ ಗಂಟುಗಳಿಂದ ಹುಟ್ಟಿದ್ದನ್ನು ಕವಲು, ಕವಲುಗಳಿಂದ ಹುಟ್ಟಿದ್ದನ್ನು ಮರಿಗವಲು ಎಂದು ಕರೆಯೋಣ. ನಿಯಮ ಸರಳವಾದದ್ದು: ತಾಯಿಬಳ್ಳಿ ಒಂದೇ ಇರಬೇಕು, ಕವಲುಗಳನ್ನು ಅಳೆದು ಉಳಿಸಿಕೊಳ್ಳಬೇಕು, ಮರಿಗವಲು ಒಂದೂ ಇರಬಾರದು. ಕೆಲವೊಮ್ಮೆ ಬುಡದ ಬಳಿಯ ಒಂದು ಕವಲು ತಾಯಿಬಳ್ಳಿಯಷ್ಟೇ ದಪ್ಪವಾಗಿ ಅದರೊಂದಿಗೆ ಪೈಪೋಟಿಗೆ ಇಳಿಯುತ್ತದೆ. ಅಂತಹ ಸಂದರ್ಭದಲ್ಲಿ ಯಾವುದರ ತುದಿ ಹೆಚ್ಚು ಪುಷ್ಟಿಯಾಗಿದೆಯೋ ಅದನ್ನು ತಾಯಿಬಳ್ಳಿಯೆಂದು ಒಪ್ಪಿಕೊಂಡು, ಇನ್ನೊಂದರ ಕುಡಿಯನ್ನು ಅಂದೇ ಚಿವುಟಬೇಕು.

ಎಲ್ಲ ಗಂಟುಗಳಿಂದಲೂ ಕವಲು ಹೊರಡುತ್ತದೆ, ಎಲ್ಲವನ್ನೂ ಉಳಿಸಿಕೊಂಡರೆ ಎಲೆಗಳು ಕಿಕ್ಕಿರಿಯುತ್ತವೆ. ಒಂದೇ ಬದಿಯ ಎರಡು ಕವಲುಗಳ ನಡುವೆ ಎರಡು ಮೊಳ, ಅಂದರೆ ಸುಮಾರು ಮೂರು ಅಡಿ ಅಂತರ ಬರುವಂತೆ ನಡುವಿನ ಕುಡಿಗಳನ್ನು ತೆಗೆದುಹಾಕಿದರೆ, ಉಳಿದ ಕವಲುಗಳ ಎಲೆಗಳು ಒಂದನ್ನೊಂದು ಮುಟ್ಟಿಯೂ ಮುಟ್ಟದಂತೆ ಹರಡಿಕೊಳ್ಳುತ್ತವೆ. ಉಳಿಸಿಕೊಂಡ ಕವಲುಗಳನ್ನು ತಾಯಿಬಳ್ಳಿಗೆ ಲಂಬವಾಗಿ, ಎಡಕ್ಕೂ ಬಲಕ್ಕೂ, ಕಡ್ಡಿ ಚುಚ್ಚಿ ನಡೆಸಬೇಕು. ಬುಡದ ಹತ್ತಿರದ ಕವಲುಗಳು ಮೊದಲು ಹುಟ್ಟಿದವಾದುದರಿಂದ ಹೆಚ್ಚು ಉದ್ದವಿರುತ್ತವೆ, ತುದಿಯ ಕಡೆಗೆ ಹೋದಂತೆ ಗಿಡ್ಡವಾಗುತ್ತವೆ, ಮೇಲಿನಿಂದ ನೋಡಿದರೆ ದೇವಸ್ಥಾನದ ಗೋಪುರವೊಂದನ್ನು ನೆಲದ ಮೇಲೆ ಮಲಗಿಸಿದಂತೆ ಕಾಣುತ್ತದೆ. ಕವಲು ಒಂಬತ್ತರಿಂದ ಹತ್ತು ಅಡಿ ತಲುಪಿ ಕಟ್ಟದ ಅಂಚು ಮುಟ್ಟಿದಾಗ ಅದರ ತುದಿಯನ್ನು ಚಿವುಟಿ ಅಲ್ಲಿಗೆ ನಿಲ್ಲಿಸಬೇಕು. ಪರದೇಶದ ಬೆಳೆಗಾರರು ಚಿವುಟಿದ ತುದಿಯನ್ನು ಮಣ್ಣಿನಲ್ಲಿ ಹೂಳುತ್ತಾರೆ, ಮರಳುಮಿಶ್ರಿತ ಮಣ್ಣಿನಲ್ಲಿ ಅದು ಸರಿಯೇ. ಆದರೆ ನಮ್ಮ ಗದ್ದೆಯ ಜೇಡಿಯಲ್ಲಿ ಹೂತ ತುದಿ ಕೊಳೆಯುವುದನ್ನು ನಾನು ಕಂಡಿದ್ದೇನೆ. ಆದುದರಿಂದ ಗಾಯಕ್ಕೆ ಒಲೆಯ ಬೂದಿ ಹಚ್ಚಿ ಗಾಳಿಗೆ ಒಣಗಲು ಬಿಡುವುದೇ ನನಗೆ ಸರಿಕಂಡ ದಾರಿ.

ಕವಲಿನ ತುದಿ ಚಿವುಟಿದ ಮರುದಿನದಿಂದ ಮರಿಗವಲುಗಳ ಕಾಟ ಹೆಚ್ಚುತ್ತದೆ. ತುದಿಯ ಕುಡಿಯು ತಾನಿರುವಷ್ಟು ದಿನ ಹಿಂದಿನ ಕುಡಿಗಳನ್ನು ಅದುಮಿ ಇಟ್ಟಿರುತ್ತದೆ, ಅದು ಹೋದ ಕೂಡಲೇ ಹಿಂದಿನವೆಲ್ಲ ತಲೆಯೆತ್ತುತ್ತವೆ. ತಾಯಿಬಳ್ಳಿಯ ತುದಿಯನ್ನು ಅವಸರದಿಂದ ಕತ್ತರಿಸಬಾರದೆಂದು ಹೇಳುವುದೂ ಇದೇ ಕಾರಣಕ್ಕಾಗಿ. ಎರಡು ದಿನಕ್ಕೊಮ್ಮೆ ಪ್ರತಿ ಕವಲನ್ನೂ ಬುಡದಿಂದ ತುದಿಯವರೆಗೆ ನೋಡಿಕೊಂಡು ಬರುವುದಕ್ಕೆ ಅರ್ಧ ಗಂಟೆ ಸಾಕು. ಒಂದು ವಾರ ನೆಂಟರ ಮನೆಗೆ ಹೋಗಿಬಂದರೆ ಮಾತ್ರ ಯಾವುದು ಕವಲು, ಯಾವುದು ಮರಿಗವಲು ಎಂಬುದೇ ತಿಳಿಯದಂತಾಗಿರುತ್ತದೆ.

ಈ ಚಿವುಟುವ ಕೆಲಸವನ್ನು ಕಂಡು ಪಕ್ಕದ ಮನೆಯ ಹಿರಿಯರೊಬ್ಬರು ಬೇಲಿಯಾಚೆ ನಿಂತು, “ಎಂತ ಮಾರಾಯ್ರೆ, ಕಾಯಿ ಬಿಡುವ ಬಳ್ಳಿಯನ್ನೇ ಕಡಿಯುವುದಾ?” ಎಂದು ಕೇಳಿದ್ದರು. ಚಿವುಟಿದ ಕುಡಿಗಳನ್ನು ಒಂದು ಬುಟ್ಟಿಯಲ್ಲಿ ಅವರ ಮನೆಗೆ ಕಳುಹಿಸಿದ ಮೇಲೆ ಆಕ್ಷೇಪ ನಿಂತಿತು. ಎಳೆಯ ಕುಡಿಯನ್ನು ನಾರು ತೆಗೆದು, ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿ ಮತ್ತು ಜೀರಿಗೆಯೊಂದಿಗೆ ರುಬ್ಬಿ, ಮಜ್ಜಿಗೆ ಬೆರೆಸಿದರೆ ಒಳ್ಳೆಯ ತಂಬುಳಿಯಾಗುತ್ತದೆ. ಕೀಟನಾಶಕ ಸಿಂಪಡಿಸಿದ ಬಳ್ಳಿಯ ಕುಡಿಯನ್ನು ಮಾತ್ರ ಅಡುಗೆಮನೆಗೆ ತರಬಾರದು.

ಯಾವಾಗ, ಯಾವುದರಿಂದ ಕತ್ತರಿಸಬೇಕು ಎಂಬುದೂ ಮುಖ್ಯ. ಬೆಳಗಿನ ಇಬ್ಬನಿ ಆರಿದ ಮೇಲೆ, ಒಂಬತ್ತು ಗಂಟೆಯ ಅನಂತರ ಈ ಕೆಲಸ ಮಾಡಿದರೆ ಸಂಜೆಯೊಳಗೆ ಗಾಯ ಒಣಗುತ್ತದೆ. ಸಂಜೆ ಕತ್ತರಿಸಿದ ಗಾಯ ಇಡೀ ರಾತ್ರಿ ಇಬ್ಬನಿಯಲ್ಲಿ ನೆನೆದು ಶಿಲೀಂಧ್ರಕ್ಕೆ ಬಾಗಿಲು ತೆರೆದಿಟ್ಟಂತಾಗುತ್ತದೆ. ಸಣ್ಣ ಕುಡಿಗೆ ಬೆರಳೇ ಸಾಕು. ಬಲಿತ ಕವಲಿಗೆ ಹರಿತವಾದ ಪಿಸ್ಕತ್ತಿ ಬೇಕು, ಒಂದು ಬಳ್ಳಿಯಿಂದ ಇನ್ನೊಂದಕ್ಕೆ ಹೋಗುವ ಮುನ್ನ ಅದನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು. ಕುಂಬಳ ಜಾತಿಗೆ ತಗಲುವ ಕೆಲವು ನಂಜುರೋಗಗಳು ಬಳ್ಳಿಯ ರಸದ ಮೂಲಕವೇ ಹರಡುತ್ತವೆ. ಎಲೆಗಳು ಚಿಪ್ಪಿನಂತೆ ಸುರುಟಿ, ಹಸಿರು–ಹಳದಿ ಮಚ್ಚೆಯಾದ ಬಳ್ಳಿ ಕಂಡುಬಂದರೆ ಅದನ್ನು ಎಲ್ಲಕ್ಕಿಂತ ಕೊನೆಗೆ ಮುಟ್ಟಬೇಕು. ಇನ್ನೂ ಒಳ್ಳೆಯದೆಂದರೆ ಕಿತ್ತು ಸುಡುವುದು.

ಯಾವ ಹೂವಿಗೆ ಕಾಯಿ ಬಿಡಬೇಕು

ಮೊದಲು ಬರುವುದೆಲ್ಲ ಗಂಡು ಹೂಗಳು. ಹೆಣ್ಣು ಹೂವಿನ ಬುಡದಲ್ಲಿ ಮೊಗ್ಗಿರುವಾಗಲೇ ಗೋಲಿಯಂತಹ ಮಿಡಿ ಕಾಣಿಸಿಕೊಳ್ಳುವುದರಿಂದ ಗುರುತಿಸುವುದು ಕಷ್ಟವಲ್ಲ. ಬುಡದಿಂದ ಆರೇಳು ಅಡಿಯೊಳಗೆ ಬಂದ ಹೆಣ್ಣು ಹೂಗಳನ್ನು ಮೋಹವಿಲ್ಲದೆ ಕಿತ್ತುಹಾಕಬೇಕು. ಅಷ್ಟು ಬೇಗ ಕಾಯಿ ಹಿಡಿದರೆ ಬಳ್ಳಿಯ ಬೆಳವಣಿಗೆ ಅಲ್ಲಿಗೇ ಕುಂಠಿತವಾಗುತ್ತದೆ. ತಾಯಿಬಳ್ಳಿಯ ಮೇಲೆ ಒಂಬತ್ತರಿಂದ ಹನ್ನೆರಡು ಅಡಿಯ ನಡುವಿನ ಹೂವು ಎಲ್ಲ ರೀತಿಯಿಂದಲೂ ಅನುಕೂಲಕರವಾದದ್ದು, ಏಕೆಂದರೆ ಆಗ ಕಾಯಿಯ ಹಿಂದೆಯೂ ಮುಂದೆಯೂ ಎಲೆಗಳಿರುತ್ತವೆ. ಕವಲಿನ ಮೇಲಿನ ಕಾಯಿಯೂ ಬೆಳೆಯುತ್ತದೆ, ಆದರೆ ಕವಲಿನ ಕೊಳವೆ ಸಪೂರವಾದುದರಿಂದ ತಾಯಿಬಳ್ಳಿಯ ಕಾಯಿಯಷ್ಟು ಗಾತ್ರ ಬರುವುದಿಲ್ಲ.

ಪರಾಗಸ್ಪರ್ಶವನ್ನು ಜೇನುನೊಣಕ್ಕೆ ಬಿಡದೆ ಕೈಯಿಂದ ಮಾಡುವುದು ಕ್ಷೇಮ. ಮರುದಿನ ಅರಳಲಿರುವ ಹೂವಿನ ತುದಿಯಲ್ಲಿ ಹಿಂದಿನ ಸಂಜೆಯೇ ಹಳದಿ ಬಣ್ಣ ಇಣುಕುತ್ತದೆ. ಆ ಹೆಣ್ಣು ಮೊಗ್ಗಿಗೂ, ಎರಡು ಮೂರು ಗಂಡು ಮೊಗ್ಗುಗಳಿಗೂ ತೆಳು ಬಟ್ಟೆಯ ಚೀಲ ಕಟ್ಟಬೇಕು. ಬೆಳಗ್ಗೆ ಆರರಿಂದ ಏಳೂವರೆಯೊಳಗೆ ಗಂಡು ಹೂವನ್ನು ಕಿತ್ತು, ಎಸಳುಗಳನ್ನು ಹರಿದು, ಒಳಗಿನ ಪರಾಗದ ಕಡ್ಡಿಯನ್ನು ಹೆಣ್ಣು ಹೂವಿನ ಶಲಾಕಾಗ್ರದ, ಅಂದರೆ ನಡುವೆ ಪರಾಗ ಹಿಡಿಯುವ ಭಾಗದ, ಪ್ರತಿ ಹೋಳಿಗೂ ಮೃದುವಾಗಿ ಸವರಿ, ಮತ್ತೆ ಚೀಲ ಕಟ್ಟಬೇಕು. ಹೊತ್ತೇರಿದಂತೆ ಪರಾಗ ಸತ್ವ ಕಳೆದುಕೊಳ್ಳುತ್ತದೆ, ಹತ್ತು ಗಂಟೆಗೆ ಹೂವೇ ಬಾಡಿರುತ್ತದೆ. ಶಲಾಕಾಗ್ರದಲ್ಲಿ ಸಾಮಾನ್ಯವಾಗಿ ಮೂರು ನಾಲ್ಕು ಹೋಳುಗಳಿರುತ್ತವೆ, ಐದು ಹೋಳುಗಳಿರುವ ಹೂವು ಸಿಕ್ಕಿದರೆ ದೈತ್ಯ ಬೆಳೆಗಾರರು ಅದನ್ನೇ ಆರಿಸಿಕೊಳ್ಳುತ್ತಾರೆ. ಸೆಕೆ ಹೆಚ್ಚಿರುವ ದಿನಗಳಲ್ಲಿ ಮಿಡಿ ಹಳದಿಯಾಗಿ ಉದುರುವುದುಂಟು. ಹೂವಿನ ಮೇಲೆ ತೆಂಗಿನ ಮಡಲಿನ ನೆರಳು ಮಾಡಿದರೆ ಸ್ವಲ್ಪ ಮಟ್ಟಿಗೆ ತಡೆಯಬಹುದು.

ಒಂದೇ ಮಿಡಿಯನ್ನು ನಂಬಿ ಕೂರಬಾರದು. ಎರಡು ಮೂರು ಹೂಗಳಿಗೆ ಕೆಲವು ದಿನಗಳ ಅಂತರದಲ್ಲಿ ಪರಾಗ ಮುಟ್ಟಿಸಿ, ಹಣ್ಣುನೊಣ ಮೊಟ್ಟೆಯಿಡದಂತೆ ಬಟ್ಟೆಯಿಂದ ಸಡಿಲವಾಗಿ ಮುಚ್ಚಿ, ಪಕ್ಕದಲ್ಲಿ ಆ ನೊಣಗಳನ್ನು ವಾಸನೆಯಿಂದ ಸೆಳೆದು ಹಿಡಿಯುವ ಒಂದು ಕ್ಯೂ ಲ್ಯೂರ್ ಬಲೆ ತೂಗುಹಾಕಬೇಕು. ಪ್ರತಿ ಸಂಜೆ ದಾರದಿಂದ ಸುತ್ತಳತೆ ತೆಗೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಬೇಕು. ಹನ್ನೆರಡು–ಹದಿನೈದು ದಿನ ಕಳೆಯುವಾಗ ಯಾವುದರ ದಾರ ವೇಗವಾಗಿ ಉದ್ದವಾಗುತ್ತಿದೆ ಎಂಬುದು ಸ್ಪಷ್ಟವಾಗುತ್ತದೆ. ಹುಟ್ಟಿದ ದಿನ ಬೇರೆಬೇರೆಯಾದುದರಿಂದ ಇವತ್ತಿನ ಗಾತ್ರವನ್ನಲ್ಲ, ಒಂದೇ ವಯಸ್ಸಿನಲ್ಲಿದ್ದ ಅಳತೆಯನ್ನು ಹೋಲಿಸಬೇಕು. ಹಾಗೆ ಗೆದ್ದ ಕಾಯಿಯನ್ನು ಉಳಿಸಿ ಮಿಕ್ಕವನ್ನು ತೆಗೆಯಬೇಕು. ಈ ಹಂತದಲ್ಲಿ ಎರಡನ್ನು ಉಳಿಸಿಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ, ನನಗೂ ಬಂದಿತ್ತು. ಆ ವರ್ಷ ಸಿಕ್ಕಿದ್ದು ಹದಿಮೂರು ಮತ್ತು ಹನ್ನೊಂದು ಕಿಲೋದ ಎರಡು ಸಾಧಾರಣ ಕಾಯಿಗಳು.

ತೊಟ್ಟು ಮತ್ತು ಬಳ್ಳಿಯ ನಡುವಿನ ಜಗಳ

ಇಲ್ಲಿಯವರೆಗೆ ಬಂದವರಲ್ಲಿ ಹೆಚ್ಚಿನವರು ಸೋಲುವುದು ಈ ಹಂತದಲ್ಲಿ. ಕಾಯಿಯ ತೊಟ್ಟು ಬಳ್ಳಿಗೆ ಓರೆಯಾಗಿ ಅಂಟಿಕೊಂಡಿರುತ್ತದೆ. ಕಾಯಿ ಉಬ್ಬಿದಂತೆ ಅದರ ಹೆಗಲು ಬಳ್ಳಿಯನ್ನು ಒತ್ತಿ ಮೇಲಕ್ಕೆತ್ತುತ್ತದೆ, ಆದರೆ ನಾವೇ ಮಣ್ಣು ಮುಚ್ಚಿ ಬಿಡಿಸಿದ ಬೇರುಗಳು ಬಳ್ಳಿಯನ್ನು ಕೆಳಕ್ಕೆ ಎಳೆಯುತ್ತವೆ. ಈ ಎಳೆದಾಟದಲ್ಲಿ ತೊಟ್ಟು ಸೀಳುತ್ತದೆ. ಇದನ್ನು ತಪ್ಪಿಸಲು ಕಾಯಿಯಿರುವ ಗಂಟಿನಿಂದ ಹಿಂದಕ್ಕೂ ಮುಂದಕ್ಕೂ ಎರಡೆರಡು ಅಡಿಯವರೆಗೆ ಬೇರು ಬಿಡಲು ಅವಕಾಶ ಕೊಡಬಾರದು, ಬಿಟ್ಟಿದ್ದರೆ ಕತ್ತರಿಸಿ ಬಳ್ಳಿಯನ್ನು ನೆಲದಿಂದ ಬಿಡಿಸಬೇಕು. ಕಾಯಿಯ ಬದಿಯಲ್ಲಿಯೇ ಹುಟ್ಟಿದ ಕವಲನ್ನು ಅದು ಕಾಯಿಗೆ ತಾಗುವ ಮುಂಚೆಯೇ ತೆಗೆಯಬೇಕು. ಅದರ ಜೊತೆಗೆ ತಾಯಿಬಳ್ಳಿಯನ್ನು ಕಾಯಿಯಿಂದ ದೂರಕ್ಕೆ ಬಿಲ್ಲಿನಂತೆ ಬಾಗಿಸಿ, ಕಾಯಿಯು ಬಿಲ್ಲಿನ ಹೊರಮೈಯಲ್ಲಿ ಬರುವಂತೆ, ತೊಟ್ಟು ಬಳ್ಳಿಗೆ ಲಂಬವಾಗಿ ನಿಲ್ಲುವಂತೆ ಮಾಡಬೇಕು.

ಬಾಗಿಸುವ ಕೆಲಸವನ್ನು ಎಂದಿಗೂ ಬೆಳಗ್ಗೆ ಮಾಡಬಾರದು. ರಾತ್ರಿಯಿಡೀ ನೀರು ಹೀರಿದ ಬಳ್ಳಿ ಬೆಳಗ್ಗೆ ಎಳೆಯ ಸೌತೆಕಾಯಿಯಂತೆ ಗರಿಗರಿಯಾಗಿರುತ್ತದೆ. ಮೊದಲ ವರ್ಷ ನಾನು ಪೇಟೆಗೆ ಹೋಗುವ ಅವಸರದಲ್ಲಿ ಬೆಳಗ್ಗೆ ಎಂಟು ಗಂಟೆಗೆ ಒಂದು ಗೇಣು ಸರಿಸಲು ಹೋದೆ. ‘ಟಕ್’ ಎಂಬ ಸಣ್ಣ ಶಬ್ದ ಕೇಳಿಸಿತು, ಬಳ್ಳಿಯ ಕೆಳಮೈಯಲ್ಲಿ ಕಿರುಬೆರಳುದ್ದದ ಸೀಳು ಬಿದ್ದು ನೀರು ಒಸರತೊಡಗಿತು. ಬೂದಿ ಹಚ್ಚಿ, ನೆರಳು ಮಾಡಿ ನೋಡಿಕೊಂಡರೂ ಐದನೆಯ ದಿನ ಆ ಜಾಗ ಕಂದುಬಣ್ಣಕ್ಕೆ ತಿರುಗಿತು, ಕಾಯಿಯ ಸುತ್ತಳತೆ ಅಲ್ಲಿಗೇ ನಿಂತಿತು. ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ ಎಲೆಗಳು ಬಾಡಿದಂತಾದಾಗ ಬಳ್ಳಿಯು ಹಗ್ಗದಂತೆ ಮಣಿಯುತ್ತದೆ. ಆ ಹೊತ್ತಿನಲ್ಲಿ ದಿನಕ್ಕೆ ಎರಡು ಬೆರಳಗಲದಷ್ಟು ಮಾತ್ರ ಸರಿಸಿ, ಅಲ್ಲಿಗೆ ಕಡ್ಡಿ ಚುಚ್ಚಿ, ಮರುದಿನದ ಕೆಲಸವನ್ನು ಮರುದಿನಕ್ಕೆ ಬಿಡಬೇಕು. ಒಂದು ವಾರದಲ್ಲಿ ಬೇಕಾದ ಬಾಗು ಬರುತ್ತದೆ. ಕಾಯಿ ತೆಂಗಿನಕಾಯಿಯ ಗಾತ್ರ ಮೀರುವ ಮೊದಲೇ ಇದನ್ನೆಲ್ಲ ಮುಗಿಸಿರಬೇಕು.

ಅದೇ ಸಮಯದಲ್ಲಿ ಕಾಯಿಯ ಅಡಿಗೆ ನಾಲ್ಕು ಬೆರಳು ದಪ್ಪ ಹೊಯಿಗೆ (ಮರಳು) ಹರಡಿ, ಅದರ ಮೇಲೆ ಅಡಿಕೆ ಹಾಳೆ ಹಾಸಬೇಕು. ಕಾಯಿ ಬೆಳೆಯುವಾಗ ಜಾರಲು ಇದು ಅನುಕೂಲ ಮಾಡಿಕೊಡುವುದಲ್ಲದೆ, ಅಡಿಭಾಗ ಕೊಳೆಯದಂತೆಯೂ ಗೆದ್ದಲು ತಾಗದಂತೆಯೂ ನೋಡಿಕೊಳ್ಳುತ್ತದೆ. ಮೇಲೆ ಮಡಲಿನ ನೆರಳಿರಲಿ. ಬಿಸಿಲಿಗೆ ಸಿಪ್ಪೆ ಬೇಗ ಗಟ್ಟಿಯಾದರೆ ಕಾಯಿಯ ಬೆಳವಣಿಗೆ ನಿಧಾನವಾಗುತ್ತದೆ, ಒಳಗಿನ ಒತ್ತಡಕ್ಕೆ ಸೀಳುವುದೂ ಉಂಟು. ಕಾಯಿಗೆ ಬಿಸಿಲು ಬೀಳಲೆಂದು ಸುತ್ತಲಿನ ಎಲೆಗಳನ್ನು ಸವರುವ ಪದ್ಧತಿಯನ್ನು ಕೆಲವೆಡೆ ಕಂಡಿದ್ದೇನೆ. ಆ ಎಲೆಗಳೇ ಆ ಕಾಯಿಯ ಹತ್ತಿರದ ಅಡುಗೆಮನೆ ಎಂಬುದು ನೆನಪಿದ್ದರೆ ಯಾರೂ ಹಾಗೆ ಮಾಡಲಾರರು.

ತಾಯಿಬಳ್ಳಿಯ ತುದಿ

ಕಾಯಿ ನಿಂತದ್ದು ಖಚಿತವಾದ ಮೇಲೂ ತಾಯಿಬಳ್ಳಿಯನ್ನು ಕಾಯಿಯಿಂದ ಮುಂದಕ್ಕೆ ಕನಿಷ್ಠ ಆರು ಅಡಿ ಬೆಳೆಯಲು ಬಿಡಬೇಕು. ಕಟ್ಟದ ಮೂಡಣ ಅಂಚು ಬಂದಾಗ, ಎಂದರೆ ಬುಡದಿಂದ 18 ಅಡಿಯ ಸುಮಾರಿಗೆ, ತುದಿಯನ್ನು ಚಿವುಟಬೇಕು. ಕಾಯಿ ನಿಲ್ಲುವ ಮೊದಲೇ ತುದಿ ಚಿವುಟಿದರೆ, ಮಿಡಿ ಉದುರಿದಾಗ ಮತ್ತೊಂದು ಹೆಣ್ಣು ಹೂವು ಬರಲು ತಾಯಿಬಳ್ಳಿಯಲ್ಲಿ ಜಾಗವೇ ಉಳಿದಿರುವುದಿಲ್ಲ. ತುದಿ ಹೋದ ಮೇಲೆ ಬಳ್ಳಿಯಲ್ಲಿ ಬೆಳೆಯುವ ಜಾಗ ಎಂದು ಉಳಿಯುವುದು ಆ ಒಂದು ಕಾಯಿ ಮಾತ್ರ. ಮುಂದಿನ ಎರಡು ಮೂರು ವಾರಗಳಲ್ಲಿ ದಾರದ ಅಳತೆ ದಿನದಿಂದ ದಿನಕ್ಕೆ ಹೆಚ್ಚುವುದನ್ನು ಕಾಣಬಹುದು. ಹೊಸದಾಗಿ ಬರುವ ಹೆಣ್ಣು ಹೂಗಳನ್ನೂ ಮರಿಗವಲುಗಳನ್ನೂ ಕೀಳುವುದನ್ನು ಮಾತ್ರ ನಿಲ್ಲಿಸಬಾರದು. ಗಂಡು ಹೂಗಳನ್ನು ಬಿಟ್ಟರೂ ನಷ್ಟವಿಲ್ಲ, ಕಡಲೆಹಿಟ್ಟಿನಲ್ಲಿ ಅದ್ದಿ ಪೋಡಿ ಮಾಡಿದರೆ ಲಾಭವೇ ಇದೆ.

ಬುಡದ ಹತ್ತಿರದ ಹಳೆಯ ಎಲೆಗಳು ಈ ಹೊತ್ತಿಗೆ ಹಳದಿಯಾಗಿ, ಬೂದಿರೋಗದ ಬಿಳಿ ಪುಡಿ ಹಿಡಿದಿರುತ್ತವೆ. ಅರ್ಧಕ್ಕಿಂತ ಹೆಚ್ಚು ಒಣಗಿದ ಎಲೆಯನ್ನು ತೆಗೆಯಬಹುದು. ಆದರೆ ತೊಟ್ಟನ್ನು ನಡುವೆ ಕತ್ತರಿಸಿದರೆ ಆ ಪೊಳ್ಳು ಕೊಳವೆಯಲ್ಲಿ ಇಬ್ಬನಿಯ ನೀರು ನಿಂತು, ಕೊಳೆ ನೇರವಾಗಿ ಗಂಟಿಗಿಳಿಯುತ್ತದೆ. ಆದುದರಿಂದ ಗಂಟಿನಿಂದ ಒಂದು ಬೆರಳು ಬಿಟ್ಟು, ನೀರು ನಿಲ್ಲದಂತೆ ಓರೆಯಾಗಿ ಕತ್ತರಿಸಬೇಕು.

ನೀರು, ಗೊಬ್ಬರ, ಕಾವಲು

ಬಳ್ಳಿ ಹಬ್ಬುವವರೆಗೆ ಸಾರಜನಕದ ಅಂಶವಿರುವ ನೆಲಗಡಲೆ ಹಿಂಡಿಯನ್ನು ನೀರಿನಲ್ಲಿ ಕೊಳೆಸಿ ಹಾಕಬಹುದು, ಕಾಯಿ ನಿಂತ ಮೇಲೆ ಅದನ್ನು ಕಡಿಮೆ ಮಾಡಿ ಪೊಟ್ಯಾಷ್ ಇರುವ ಒಲೆಬೂದಿಯನ್ನು ಹೆಚ್ಚಿಸಬೇಕು. ನೀರನ್ನು ಬುಡಕ್ಕೊಂದೇ ಅಲ್ಲ, ಬೇರಿಳಿದ ಗಂಟುಗಳ ಉದ್ದಕ್ಕೂ, ಬೆಳಗ್ಗಿನ ಹೊತ್ತು, ಎಲೆ ನೆನೆಯದಂತೆ ಕೊಡಬೇಕು. ನಾಲ್ಕು ದಿನ ಒಣಗಿಸಿ ಐದನೆಯ ದಿನ ತೋಯಿಸಿದರೆ ಕಾಯಿ ಸೀಳುತ್ತದೆ. ಕೆಂಪು ಜೀರುಂಡೆ ಎಳೆಯ ಸಸಿಗೆ ಬರುವ ಪಿಡುಗು, ಬೆಳಗ್ಗೆ ಅದು ಮಂಕಾಗಿರುವಾಗ ಕೈಯಿಂದ ಹಿಡಿದು ಸಾಬೂನುನೀರಿಗೆ ಹಾಕಿದರೆ ಸಾಕು. ನವಿಲು ಎಳೆಯ ಕುಡಿಯನ್ನು, ಮುಳ್ಳುಹಂದಿ ಬಲಿತ ಕಾಯಿಯನ್ನು ಬಿಡುವುದಿಲ್ಲ. ಕಾಯಿಯ ಸುತ್ತ ಕಲ್ಲು ಕಟ್ಟಿ, ರಾತ್ರಿ ಮೇಲೆ ಹಳೆಯ ಕಬ್ಬಿಣದ ಬುಟ್ಟಿ ಮಗುಚುವುದಕ್ಕಿಂತ ಉತ್ತಮವಾದ ಉಪಾಯ ನನಗೆ ಹೊಳೆದಿಲ್ಲ. ಬುಟ್ಟಿಯೊಳಗೆ ಹಿಡಿಸದಷ್ಟು ಕಾಯಿ ಬೆಳೆದ ಮೇಲೆ ಮನೆಯ ನಾಯಿಯನ್ನು ಅಲ್ಲಿ ಮಲಗಿಸಿದ್ದೂ ಉಂಟು.

ಕೊಯ್ಲು

ದಾರದ ಅಳತೆ ಸತತವಾಗಿ ಐದಾರು ದಿನ ಹೆಚ್ಚದೆ ನಿಂತಾಗ, ತೊಟ್ಟು ಹಸಿರು ಕಳೆದುಕೊಂಡು ಬೆಂಡಿನಂತೆ ಒರಟಾದಾಗ ಕಾಯಿ ಕೊಯ್ಯಬೇಕು. ತೊಟ್ಟನ್ನೇ ಕತ್ತರಿಸದೆ, ಅದರ ಎರಡೂ ಬದಿಯ ಬಳ್ಳಿಯನ್ನು ಒಂದೊಂದು ಗೇಣು ಬಿಟ್ಟು ಕತ್ತರಿಸಿದರೆ ತೊಟ್ಟಿನ ಬುಡದಿಂದ ಕೊಳೆ ಒಳಗಿಳಿಯುವುದು ತಪ್ಪುತ್ತದೆ. ತೊಟ್ಟು ಹಿಡಿದು ಎತ್ತುವ ಸಾಹಸ ಬೇಡ. ಕಾಯಿಯನ್ನು ಓರೆ ಮಾಡಿ ಅಡಿಗೆ ಗೋಣಿ ತೂರಿಸಿ, ನಾಲ್ಕು ಮೂಲೆ ಹಿಡಿದು ಎತ್ತಬೇಕು. ಹೊರೆಕಾಣಿಕೆಯ ವಾಹನ ಬರಲು ದಿನಗಳಿದ್ದರೆ ಗಾಳಿಯಾಡುವ ಜಗಲಿಯಲ್ಲಿ, ಬೈಹುಲ್ಲಿನ ಮೇಲೆ, ತೊಟ್ಟು ಮೇಲಕ್ಕಿರುವಂತೆ ಇಡಬೇಕು. ಸಿಮೆಂಟಿನ ನೆಲದ ಮೇಲೆ ನೇರವಾಗಿ ಇಟ್ಟರೆ ಅಡಿಯಲ್ಲಿ ಬೆವರಿ ಮೆತ್ತಗಾಗುತ್ತದೆ.

ಕಾಯಿಯನ್ನು ಮನೆಯಲ್ಲಿಯೇ ಹೋಳು ಮಾಡುವುದಾದರೆ ಬೀಜಗಳನ್ನು ನಾರಿನಿಂದ ಬಿಡಿಸಿ, ತೊಳೆದು, ಎಂಟು ದಿನ ನೆರಳಿನಲ್ಲಿ ಒಣಗಿಸಿ, ತಟ್ಟೆಯಲ್ಲಿ ಹರಡಿ ಕೈಗೆ ದಪ್ಪವೆನಿಸಿದವನ್ನು ಮಾತ್ರ ಆರಿಸಬೇಕು. ಚೀಲ ಕಟ್ಟಿ ಕೈಯಿಂದ ಪರಾಗ ಮುಟ್ಟಿಸಿದ ಹೂವಿನ ಬೀಜವಾದುದರಿಂದ ಅದರ ತಂದೆ ತಾಯಿ ಯಾರೆಂಬುದು ನಮಗೆ ತಿಳಿದಿರುತ್ತದೆ, ಬೇಲಿಯಾಚೆಯ ಬಳ್ಳಿಯೊಂದಿಗೆ ಕಲಬೆರಕೆಯಾದ ಸಂಶಯವಿರುವುದಿಲ್ಲ. ಒಣಬೂದಿಯಲ್ಲಿ ಬೆರೆಸಿ ಗಾಜಿನ ಬಾಟ್ಲಿಗೆ ತುಂಬಿ, ಮುಚ್ಚಳದ ಮೇಲೆ ಕಾಯಿಯ ತೂಕವನ್ನೂ ಪರಾಗ ಮುಟ್ಟಿಸಿದ ದಿನವನ್ನೂ ಬರೆದಿಟ್ಟರೆ, ಮುಂದಿನ ಅಕ್ಟೋಬರಿನಲ್ಲಿ ಗುಂಡಿ ತೋಡುವಾಗ ಯಾವ ಬಾಟ್ಲಿ ತೆರೆಯಬೇಕೆಂದು ಹುಡುಕಬೇಕಾಗುವುದಿಲ್ಲ.